ಬರ್ತೇನಿ ಎಂಬ ಕಮಾಂಡು

ನನಗೆ ದೆವ್ವ ಭೂತಗಳಲ್ಲಿ ನಂಬಿಕೆಯಿಲ್ಲ. ಕಂಪ್ಯೂಟರುಗಳಲ್ಲೂ ಅಷ್ಟಕ್ಕಷ್ಟೇ. ಆದರೂ ಕಾಕಾ ತೀರಿಕೊಂಡ ಮೇಲೆ ಬೆಂಗೇರಿಯ ನಮ್ಮ ಕಚೇರಿಯಲ್ಲಿ, ಹಾಡಹಗಲಲ್ಲೇ, ಆ ಕಪ್ಪು ಪರದೆಯ ಮುಂದೆ ಒಬ್ಬಳೇ ಕೂರಲು ಹೆದರಿಕೆಯಾಗುತ್ತಿತ್ತು.

ಕಾಕಾ ನನಗೆ ಕೆಲಸ ಕಲಿಸಿದ ಹಿರಿಯ ಸಹೋದ್ಯೋಗಿ. ರಕ್ತ ಪರೀಕ್ಷೆಯ ವರದಿಗಳನ್ನು ಆಸ್ಪತ್ರೆಗಳಿಗೆ ಮುಟ್ಟಿಸುವ ತಂತ್ರಾಂಶ ನಮ್ಮದು. ಅದನ್ನು ಕಂಟೇನರುಗಳಲ್ಲಿ, ಅಂದರೆ ಬೇಕಾದ್ದೆಲ್ಲ ಜೊತೆಗೇ ಕಟ್ಟಿದ ಬುತ್ತಿಗಂಟುಗಳಲ್ಲಿ ತುಂಬಿ, ಹಲವು ಯಂತ್ರಗಳ ಒಂದು ಕ್ಲಸ್ಟರಿನ ಮೇಲೆ ಓಡಿಸುವುದು ನಮ್ಮಿಬ್ಬರ ಕೆಲಸ. ಮೌಸ್ ಅಲ್ಲಿ ದಂಡ. ಎಲ್ಲವನ್ನೂ ಕುಬ್‌ಕಟಲ್ ಎಂಬ ಉಪಕರಣಕ್ಕೆ ಕಮಾಂಡು ಟೈಪಿಸಿಯೇ ಹೇಳಬೇಕು. ಆ ಮಾರುದ್ದದ ಇಂಗ್ಲಿಷ್ ಕಮಾಂಡುಗಳಿಗೆ ಕಾಕಾ ಧಾರವಾಡದ ಅಡ್ಡಹೆಸರು ಇಟ್ಟಿದ್ದರು. ಏನೇನು ಓಡುತ್ತಿದೆ ಎಂದು ತಿಳಿಯಲು ‘ನೋಡ್ರಿ’. ಹೊಸದನ್ನು ಏರಿಸಲು ‘ಬರ್ರಿ’. ಬುಡಸಮೇತ ಅಳಿಸಲು ‘ಬರ್ತೇನಿ’.

“ಅಳಿಸೂದಕ್ಕ ಬರ್ತೇನಿ ಯಾಕ್ರಿ ಕಾಕಾ? ಉಲ್ಟಾ ಆತಲ್ರಿ,” ಎಂದಿದ್ದೆ.

“ಮನಿ ಬಿಟ್ಟು ಹೊಂಟಾವ್ರು ಹೋಗ್ತೇನಿ ಅಂತಾರೇನ್ರಿ? ಬಿಡ್ತು ಅನ್ರಿ!” ಎಂದು ಗದರಿದ್ದರು.

ಕ್ಲಸ್ಟರು ಜೀವಂತ ಇದೆಯೇ ಎಂದು ನೋಡಲು ಅವರು ಒಂದು ಪುಟ್ಟ ಪ್ರೋಗ್ರಾಮನ್ನೂ ಬಿಟ್ಟಿದ್ದರು. ಅದು ಆಗಾಗ, ತಾನಿನ್ನೂ ಇದ್ದೇನೆಂದು ತಿಳಿಸಲು, ಪರದೆಯ ಮೇಲೆ ಒಂದೇ ಸಾಲು ಬರೆಯುತ್ತಿತ್ತು: ‘ನಾ ಇಲ್ಲೇ ಅದೇನ್ರಿ.’ ಅವರ ಹೃದಯ ನಿಂತ ಮರುದಿನವೂ ಬರೆಯಿತು. ಅದರ ಮರುದಿನವೂ.

ಸಹಿಸಲಾರದೆ ಒಮ್ಮೆ ಅದನ್ನು ಅಳಿಸಿದೆ. ಕಣ್ಣು ಮಿಟುಕಿಸುವುದರೊಳಗೆ ಅದು ಮತ್ತೆ ಎದ್ದಿತು, ಅದೇ ಸಾಲು ಬರೆಯಿತು. ಕಾರಣ ನನಗೆ ಗೊತ್ತು. ಓಡುತ್ತಿರುವ ಗಂಟನ್ನು ಮಾತ್ರ ಅಳಿಸಿದರೆ ಸಾಲದು. ‘ಇದು ಸದಾ ಇರತಕ್ಕದ್ದು’ ಎಂಬ ಆದೇಶ ಒಳಗೆ ಇರುವ ತನಕ ಕ್ಲಸ್ಟರು ಸತ್ತದ್ದನ್ನು ಎಬ್ಬಿಸುತ್ತಲೇ ಇರುತ್ತದೆ. ‘ಬರ್ತೇನಿ’ ಆ ಆದೇಶವನ್ನೂ ಕೀಳುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಆ ಪದ ಟೈಪಿಸಲು ಧೈರ್ಯ ಬರಲಿಲ್ಲ.

ಆ ವಾರ ಕಾಕಾನ ಹೆಂಡತಿ ಫೋನು ಮಾಡಿದರು. ಅವರ ಮಗಳು ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಕೋಣೆಯಲ್ಲಿದ್ದು ಓದುವ ಹುಡುಗಿ. “ಒಂದ ಹನಿ ಕಣ್ಣೀರ ಹಾಕಿಲ್ರಿ ಆಕಿ. ಊಟಿಲ್ಲ, ಮಾತಿಲ್ಲ. ಹಿಂಗ ಆದ್ರ ಇದೂ ಕೈ ಬಿಟ್ಟು ಹೋಗ್ತೈತಿ,” ಎಂದು ಬಿಕ್ಕಿದರು. ಕಾಕಾನ ಚಷ್ಮಾ, ಊಟದ ಡಬ್ಬಿ ಒಯ್ಯುವ ನೆಪದಲ್ಲಿ ಅವಳನ್ನು ನನ್ನ ಹತ್ತಿರ ಕಳಿಸುವುದಾಗಿ ಹೇಳಿದರು.

ಅವಳು ಬಂದ ದಿನವೇ ನಾವು ಹೊಸ ಕ್ಲಸ್ಟರಿಗೆ ಹೋಗುವವರಿದ್ದೆವು. ಹಳೆಯದನ್ನು ಸಂಜೆಯೊಳಗೆ ಖಾಲಿ ಮಾಡಬೇಕಿತ್ತು; ಅದರಲ್ಲಿ ಕಾಕಾನ ಆ ಪುಟ್ಟ ಪ್ರೋಗ್ರಾಮು ಮಾತ್ರ ಉಳಿದಿತ್ತು. ಹುಡುಗಿ ಪರದೆಯ ಸಾಲನ್ನು ಓದಿ ನಿಂತಲ್ಲೇ ನಿಂತಳು. ನಾನು ಎಲ್ಲವನ್ನೂ ಹೇಳಿದೆ, ಕಮಾಂಡುಗಳ ಹೆಸರು ಸಮೇತ.

“ಅವತ್ತು ಅಪ್ಪಾ ಹೆಲ್ಮೆಟ್ ಹಾಕ್ಕೋ ಅಂತ ಬೈದ್ರು. ಸಿಟ್ಟಿಗೆ ಹೋಗ್ತೇನಿ ಅಂದು ಗಾಡಿ ಹತ್ತಿದೆ,” ಎಂದಳು. “ನಾ ಅಂದೆ. ಅವ್ರು ಹೋದ್ರು.”

ಮಾತಿನಿಂದ ಯಾರೂ ಸಾಯುವುದಿಲ್ಲ ಎಂದು ಅವಳಿಗೆ ಎಲ್ಲರೂ ಹೇಳಿಯೇ ಇದ್ದರು. ನಾನು ಕುರ್ಚಿ ಬಿಟ್ಟುಕೊಟ್ಟೆ.

ಅವಳು ಒಂದೊಂದೇ ಅಕ್ಷರ ಹುಡುಕಿ ‘ಬರ್ತೇನಿ’ ಎಂದು ಟೈಪಿಸಿದಳು. ಎಂಟರ್ ಒತ್ತಿದಳು. ಸಾಲು ನಿಂತಿತು. ಇಬ್ಬರೂ ಪರದೆ ನೋಡುತ್ತ ಕೂತೆವು. ಖರೇ ಹೇಳುತ್ತೇನೆ, ಎಲ್ಲ ಗೊತ್ತಿದ್ದ ನಾನೂ ಅದು ಏಳಲಿ ಎಂದೇ ಕಾಯುತ್ತಿದ್ದೆ.

“ಮತ್ತ ಬರೂದಿಲ್ಲೇನ್ರಿ?” ಎಂದಳು.

ಕಾಕಾ ದೇವರ ಹತ್ತಿರ ಇದ್ದಾರೆ, ನಿನ್ನೊಳಗೇ ಇದ್ದಾರೆ ಎಂದು ಸಾಂತ್ವನ ಹೇಳಿದವರೇ ಎಲ್ಲ. ನನಗೆ ಅದು ಆಗಲಿಲ್ಲ.

“ಇಲ್ಲವ್ವಾ. ಬರೂದಿಲ್ಲ.”

ಅವಳು ತಲೆಯಾಡಿಸಿದಳು. “ಹಂಗಾರ ಈಗ ಅಳ್ತೇನ್ರಿ,” ಎಂದು ನನ್ನನ್ನು ಕೇಳಿದವಳಂತೆ ಹೇಳಿ, ಕೀಬೋರ್ಡನ್ನು ಆಚೆ ಸರಿಸಿ, ಮೇಜಿನ ಮೇಲೆ ತಲೆಯಿಟ್ಟು ಅತ್ತಳು.