ಗುಂಡುಸೂಜಿ ಬಿಟ್ಟ ಸಾಲು

ಹೊಲಿಗೆಯವಳಿಗೆ ಮೊದಲು ಅನುಮಾನ ಬಂದದ್ದು ಅತ್ತೆಯ ಮೇಲೆ. ಹೊಲಿಗೆಯವಳ ಆರು ವರ್ಷದ ಮಗಳನ್ನು ಎಲ್ಲರೂ ಕರೆಯುತ್ತಿದ್ದದ್ದು ಗುಂಡುಸೂಜಿ ಎಂದು. ಆ ಹುಡುಗಿ ಶಾಲೆಯಿಂದ ತಂದ ಹಾಳೆಯಲ್ಲಿ ಮೂರು ಸಾಲುಗಳಿದ್ದವು: ಶಾಲೆಯ ಭಾಷೆ, ಅಪ್ಪನ ಭಾಷೆ, ಅಮ್ಮನ ಭಾಷೆ. ಬರುವ ಭಾಷೆಯ ಮುಂದೆ ಮಕ್ಕಳೇ ನಕ್ಷತ್ರ ಬಿಡಿಸಬೇಕು. ಅಮ್ಮನ ಸಾಲು ಖಾಲಿ. ನಕ್ಷತ್ರವಿಲ್ಲದ ಭಾಷೆಯ ಪಾಠ ಆ ಮಗುವಿಗಿಲ್ಲ, ನಾಳೆಯೊಳಗೆ ಸಹಿ ಮಾಡಿ ಕಳಿಸಿ ಎಂದು ಕೆಳಗೆ ಅಚ್ಚು ಹಾಕಿತ್ತು. ಹಾಲುಹಲ್ಲು ಬೀಳದ ಕೂಸಿನ ಕೈಗೆ ಪೆನ್ಸಿಲ್ ಕೊಟ್ಟು ತಾಯಿನುಡಿಯ ಹಣೆಬರಹ ಬರೆಸುವ ಈ ಬುದ್ಧಿ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ!

ಹುಡುಗಿ ಹಟ ಮಾಡುವುದು ಅಮ್ಮನ ಭಾಷೆಯಲ್ಲಿ, ನಿದ್ದೆಯಲ್ಲಿ ಬಡಬಡಿಸುವುದೂ ಅದರಲ್ಲೇ. ಬರುವುದಿಲ್ಲವೆಂದರೆ ಯಾರೋ ಕಿವಿಯೂದಿರಲೇಬೇಕು. ಅತ್ತೆಗೆ ಆ ಭಾಷೆ ತಿಳಿಯದು. ತಾಯಿ ಮಗಳು ಮಾತಾಡಿದರೆ ತನ್ನ ವಿಷಯವೇ ಎಂಬ ಗುಮಾನಿ ಬೇರೆ. ಕೇಳಿದಾಗ, "ಗುಸುಗುಸು ಮಾಡೋರು ನೀವು, ಕಳ್ಳಿ ನಾನಾ?" ಎಂದು ಅತ್ತೆ ಮುಖ ತಿರುಗಿಸಿದರು. ಶಾಲೆಯ ಗೇಟಿನಲ್ಲಿ ಟೀಚರು, ತಾವೇನೂ ಹೇಳಿಕೊಟ್ಟಿಲ್ಲ, ಆ ಸಾಲು ಬಂದಾಗ ಹುಡುಗಿ ಪೆನ್ಸಿಲ್ ಕೆಳಗಿಟ್ಟು ಕೈಕಟ್ಟಿ ಕೂತಳು ಎಂದರು. ಹೊಲಿಗೆಯವಳು ಅದನ್ನೂ ನಂಬಲಿಲ್ಲ.

ಸಂಜೆ ಅವಳು ಕೋಟಿನ ಲೈನಿಂಗ್ ಬಟ್ಟೆ ಕತ್ತರಿಸುತ್ತಿದ್ದಳು. ಗುಂಡುಸೂಜಿ ಬಣ್ಣದ ಕಾಗದ ಹಿಡಿದು ದೊಡ್ಡ ಕತ್ತರಿಯತ್ತ ಕೈಚಾಚಿ, ತಾನೇ ಹಿಂದಕ್ಕೆ ಎಳೆದುಕೊಂಡಳು. ಕಾಗದ ಕತ್ತರಿಸಿದರೆ ಬಟ್ಟೆಯ ಕತ್ತರಿ ಮೊಂಡಾಗುತ್ತದೆ. ಅದಕ್ಕೆ ಗಂಡ ಕೈಹಾಕಿದರೂ ಆ ಮನೆಯಲ್ಲಿ ರಂಪ.

"ನಿಜ ಹೇಳು. ಆ ಸಾಲು ಬಿಡು ಅಂತ ಯಾರು ಹೇಳಿದ್ರು?"

"ಯಾರೂ ಇಲ್ಲ."

"ಮತ್ತೆ? ನಿಂಗೆ ಬರಲ್ವಾ?"

"ಅದು ನಿಂದಲ್ವಾ ಅಮ್ಮ. ನನ್ನ ಭಾಷೆ ತಂಟೆಗೆ ಬರಬೇಡಿ ಅಂತ ಅಜ್ಜಿಗೆ ಹೇಳ್ತೀಯಲ್ಲ." ಮಗಳು ಕಾಗದ ಮಡಚಿದಳು. "ನಿನ್ನ ವಸ್ತು ಮುಟ್ಟಿದ್ರೆ ಬೈತೀಯ. ನಾನು ಅದ್ರಲ್ಲಿ ಸುಮ್ನೆ ಮಾತಾಡ್ತೀನಿ, ಅಷ್ಟೇ."

ಕತ್ತರಿ ಬಟ್ಟೆಯ ನಡುವೆಯೇ ನಿಂತಿತು. ತನ್ನ ಭಾಷೆಗೆ ಕಾವಲು ನಿಂತು ತಾಯಿ ಆರು ವರ್ಷ ಊರವರೆಲ್ಲರನ್ನೂ ಸಂಶಯದಿಂದ ನೋಡಿದ್ದಳು. ತನ್ನ ಕಾವಲಿನೊಳಗೆ ಮಗಳಿಗೂ ಜಾಗವಿಲ್ಲದ್ದು ಕಂಡಿರಲಿಲ್ಲ. ಹಾಳೆ ತಂದು ಮಗಳ ಮುಂದಿಟ್ಟಳು.

"ಅದು ನಿಂದೂ ಕಣೇ. ಹಾಕು."

ಗುಂಡುಸೂಜಿ ಪೆನ್ಸಿಲ್ ಮುಟ್ಟಲಿಲ್ಲ. ಥೇಟ್ ತಾಯಿಯಂತೆಯೇ ಕಣ್ಣು ಕಿರಿದು ಮಾಡಿ ನೋಡಿದಳು. "ಆಮೇಲೆ ಬೈಯಲ್ಲ ತಾನೇ?"

"ಬೈಯಲ್ಲ."

ನಕ್ಷತ್ರ ಸೊಟ್ಟಗೆ ಬಂತು, ಸಾಲು ದಾಟಿ ಹೋಯಿತು.

"ಹಾಗಾದ್ರೆ ಕತ್ತರಿ?"

"ಕತ್ತರಿ ನಂದೇ."