ಪಕ್ಕದ ಸೀಟಿನ ನೊರೀನ್

ನೊರೀನ್ ಪೇಸಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕಲಿಯಬೇಕೆಂದು ಅನ್ನಿಸಿಯೂ ಇರಲಿಲ್ಲ. ಗೆಡ್ನಿ ಎಂಬ ಹಳ್ಳಿಯ ಆಚೆ, ಎಲೆಕೋಸಿನ ಹೊಲಗಳು ಮುಗಿದು ಉಪ್ಪುನೀರಿನ ಜವುಗು ಶುರುವಾಗುವಲ್ಲಿ ಒಂದು ತಗಡಿನ ಶೆಡ್ಡಿದೆ. ಅವಳು ಹರೆಯದಿಂದ ಮುಪ್ಪಿನ ತನಕ ಅಲ್ಲಿ ಕಾರುಗಳ ಹೊರಮೈ ಮಾಡಿದಳು. ಬೆಳಿಗ್ಗೆ ಕಾಲುವೆಯ ಏರಿಯ ಮೇಲೆ ಸೈಕಲ್ಲಿನಲ್ಲಿ ಬರುವಳು, ಸಂಜೆ ಅದೇ ಏರಿಯ ಮೇಲೆ ಗಾಳಿಗೆ ಎದೆಯೊಡ್ಡಿ ಹೋಗುವಳು. "ಇಷ್ಟೊಂದು ಕಾರು ಮಾಡಿದೀಯಲ್ಲ, ಒಂದನ್ನಾದ್ರೂ ಓಡಿಸ್ಬಾರ್ದಾ?" ಎಂದು ಯಾರಾದರೂ ಕೇಳಿದರೆ ಅವಳ ಉತ್ತರ ಸಿದ್ಧವಾಗಿರುತ್ತಿತ್ತು.

"ಓಡಿಸೋರು ರಸ್ತೆ ನೋಡ್ಬೇಕು. ನಂಗೆ ಆಕಾಶ ನೋಡೋದಿದೆ. ನಾನು ಪಕ್ಕದಲ್ಲಿ ಕೂತ್ಕೋತೀನಿ."

ಸಮುದ್ರದ ಜವುಗಿನಿಂದ ನೀರು ಬಸಿದು ಪಡೆದ ಆ ಫೆನ್ ಬಯಲಿನಲ್ಲಿ ನೆಲಕ್ಕಿಂತ ಆಕಾಶವೇ ಜಾಸ್ತಿ. ನೊರೀನಳ ಅಪ್ಪ ನೀರೆತ್ತುವ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, "ನಾವಿರೋದು ಸಮುದ್ರದ ತಳದಲ್ಲಿ ಕಣಮ್ಮ. ಅದು ಸ್ವಲ್ಪ ಹೊತ್ತು ಆಚೆ ಹೋಗಿದೆ, ಅಷ್ಟೇ," ಎನ್ನುತ್ತಿದ್ದ. ಹುಡುಗಿ ಅದನ್ನು ನಂಬಿದಳು. ಮಂಜು ಇಳಿದ ದಿನಗಳಲ್ಲಿ ಮನೆಯ ಮಾಡಿನ ಮೇಲೆ ಮೀನುಗಳು ಈಜಿ ಹೋಗುವುದನ್ನು ಹಾಸಿಗೆಯಲ್ಲಿ ಮಲಗಿಯೇ ಕಾಣುತ್ತಿದ್ದಳು. ದೊಡ್ಡವಳಾದ ಮೇಲೂ ಆ ನೋಟ ಅವಳನ್ನು ಪೂರ್ತಿ ಬಿಟ್ಟು ಹೋಗಲಿಲ್ಲ. ಬಟಾಣಿ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದವಳು ಬೆಲ್ಟಿನ ಮೇಲೆ ಸಾಗುವ ಹಸಿರನ್ನೇ ನೋಡುತ್ತ ನಿಂತುಬಿಟ್ಟು ಕೆಲಸ ಕಳೆದುಕೊಂಡಳು. ಮದುವೆಯಾಯಿತು. ಗಂಡ ಒಳ್ಳೆಯವನೇ, ಆದರೆ ಬೆಟ್ಟಗಳಿರುವ ಊರಿಗೆ ಹೋಗೋಣ ಎಂದ. ಇವಳು ಒಲ್ಲೆ ಎಂದಳು. ಅವನು ಹೋದ.

ಹಾಗೆ ಒಂಟಿಯಾಗಿದ್ದಾಗ ರೋಲಂಡ್ ಸ್ನೀತ್ ಅವಳನ್ನು ಕೆಲಸಕ್ಕೆ ಕರೆದ. ರೋಲಂಡ್ ಟ್ರ್ಯಾಕ್ಟರ್ ಮೆಕ್ಯಾನಿಕ್ಕಿನ ಮಗ. ಒಂದು ಚಳಿಗಾಲವಿಡೀ ಕಣಜದಲ್ಲಿ ಬಾಗಿಲು ಹಾಕಿಕೊಂಡು, ಮರ ಮತ್ತು ಗಾರೆಯಲ್ಲಿ ಒಂದು ಪುಟ್ಟ ಕಾರಿನ ಆಕಾರ ತಿದ್ದಿ, ಅದರಿಂದ ಅಚ್ಚು ತೆಗೆದವನು. ಮೇಲೆ ಛಾವಣಿಯಿಲ್ಲ, ಒಳಗೆ ಎರಡೇ ಸೀಟು, ಮೂತಿ ಹಕ್ಕಿಯ ಕತ್ತಿನಂತೆ ಮುಂದೆ ಚಾಚಿದ್ದು. ಹಾಡುತ್ತ ಮೇಲೇರುವ ಬಾನಾಡಿಯ ಹೆಸರನ್ನೇ ಇಟ್ಟ: ಲಾರ್ಕ್. ಅವನು ಪೂರ್ತಿ ಕಾರು ಮಾರುತ್ತಿರಲಿಲ್ಲ. ಮೈ, ಕೆಳಗಿನ ಉಕ್ಕಿನ ಚೌಕಟ್ಟು, ಒಂದು ಪೆಟ್ಟಿಗೆ ತುಂಬ ಬೋಲ್ಟುಗಳು, ಇಷ್ಟು ಕೊಡುತ್ತಿದ್ದ. ಕೊಂಡವನು ಎಲ್ಲಿಂದಲೋ ಒಂದು ಹಳೆಯ ಕಾರು ತಂದು, ಅದರ ಎಂಜಿನ್ನು, ಚಕ್ರ, ಸ್ಟಿಯರಿಂಗುಗಳನ್ನು ಬಿಚ್ಚಿ ಇದಕ್ಕೆ ಕೂಡಿಸಿ, ತನ್ನ ಮನೆಯ ಗರಾಜಿನಲ್ಲಿ ತಾನೇ ಕಾರು ಕಟ್ಟಿಕೊಳ್ಳಬೇಕು. ಕಿಟ್ ಕಾರು ಎಂದರೆ ಅದೇ.

ನೊರೀನಳಿಗೆ ಆ ಕೆಲಸ ಹೇಳಿ ಮಾಡಿಸಿದಂತಿತ್ತು. ಅಚ್ಚಿಗೆ ಮೇಣ ಸವರಿ, ಬಣ್ಣದ ಪದರ ಹಚ್ಚಿ, ಅದರ ಮೇಲೆ ಗಾಜಿನ ನಾರಿನ ಚಾಪೆ ಹಾಸಿ, ರೆಸಿನ್ ಎಂಬ ಅಂಟುದ್ರವ ಕುಡಿಸಿ, ಗುಳ್ಳೆ ಉಳಿಯದಂತೆ ಸಣ್ಣ ರೋಲರಿನಿಂದ ಉಜ್ಜಬೇಕು. ಕೈ ತನ್ನ ಪಾಡಿಗೆ ನಡೆಯುತ್ತದೆ, ಮನಸ್ಸು ಎಲ್ಲಿಗೆ ಬೇಕಾದರೂ ಹೋಗಬಹುದು. ಈ ಕೆಂಪಿನವಳು ಸ್ಕಾಟ್ಲೆಂಡಿನ ಸರೋವರದ ದಂಡೆಯ ಮೇಲೆ ಹೋಗುತ್ತಾಳೆ, ಈ ನೀಲಿಯವಳು ಹಡಗು ಹತ್ತಿ ಸ್ಪೇನಿನ ಕಿತ್ತಳೆ ತೋಟಗಳ ನಡುವೆ ಹಾದುಹೋಗುತ್ತಾಳೆ ಎಂದುಕೊಳ್ಳುತ್ತ ಉಜ್ಜುವಳು. ರೆಸಿನ್ನಿನ ಘಾಟು ಕುಡಿದು ಕುಡಿದು ಅವಳ ಮೂಗು ಸತ್ತಿತ್ತು. ಏಪ್ರಿಲಿನಲ್ಲಿ ಊರ ಸುತ್ತ ಹೂವಿನ ಹೊಲ ಅರಳಿದರೆ ಅವಳಿಗೆ ಬಣ್ಣ ಮಾತ್ರ ಸಿಗುತ್ತಿತ್ತು.

ಒಳ್ಳೆಯ ಕಾಲದಲ್ಲಿ ಶೆಡ್ಡಿನ ಮುಂದೆ ಟ್ರೇಲರುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಬರುತ್ತಿದ್ದವರೆಲ್ಲ ನಡುವಯಸ್ಸಿನ ಗಂಡಸರು. ಕಣ್ಣಲ್ಲಿ ಹುಡುಗಾಟ, ಜೊತೆಗೆ ಮುಖ ಊದಿಸಿಕೊಂಡ ಹೆಂಡತಿ. ಆಮೇಲೆ ಟ್ರೇಲರುಗಳು ಕಡಿಮೆಯಾದವು. ಬಿಚ್ಚಲು ಬೇಕಾದ ಹಳೆಯ ಕಾರುಗಳೇ ಸಿಗದಾದವು. ಕೊಳ್ಳುತ್ತಿದ್ದವರ ಮೊಣಕಾಲು ಸವೆದವು. ಹೊಸಬರಿಗೆ ಗರಾಜೂ ಇಲ್ಲ, ಪುರುಸೊತ್ತೂ ಇಲ್ಲ.

ರೋಲಂಡ್ ಸುಮ್ಮನೆ ಕೂರುವ ಪೈಕಿಯಲ್ಲ. ಎಳೆಯರನ್ನು ಸೆಳೆಯುತ್ತೇನೆಂದು ಒಂದು ಲಾರ್ಕಿಗೆ ನೇರಳೆ ಬಣ್ಣ ಬಳಿದು, ಹೊಟ್ಟೆಯಡಿ ಮಿನುಗುವ ದೀಪ ಕಟ್ಟಿ, ಎದೆ ನಡುಗಿಸುವ ಸ್ಪೀಕರು ಹಾಕಿ, ನೊರೀನಳನ್ನೂ ಕರೆದುಕೊಂಡು ಬೇಸಿಗೆಯ ಕಿಟ್ ಕಾರು ಮೇಳಕ್ಕೆ ಒಯ್ದ. ಜಿನುಗುಮಳೆ. ಡೇರೆಯೊಳಗೆ ಬಂದವರೆಲ್ಲ ಅವೇ ಬಿಳಿತಲೆಗಳು.

"ಇದೇನಯ್ಯ ರೋಲಂಡ್, ಐಸ್‌ಕ್ರೀಮ್ ವ್ಯಾನ್ ಶುರು ಮಾಡಿದ್ಯಾ?" ಎಂದು ಒಬ್ಬ ಹಳೆಯ ಗಿರಾಕಿ ಕಿವಿ ಮುಚ್ಚಿಕೊಂಡೇ ಕೇಳಿದ.

ಮಧ್ಯಾಹ್ನ ಒಂದು ಹುಡುಗ ಹುಡುಗಿ ಜೋಡಿ ಒಳಗೆ ಬಂತು. ರೋಲಂಡ್ ಟೈ ಸರಿಮಾಡಿಕೊಂಡು ಎದ್ದು ನಿಂತ. ಹುಡುಗಿ ನೇರಳೆ ಕಾರಿನತ್ತ ನೋಡಿ ನಕ್ಕು, "ಟಾಯ್ಲೆಟ್ ಎಲ್ಲಿದೆ ಹೇಳ್ತೀರಾ?" ಎಂದಳು.

ಮರಳುವಾಗ ರೋಲಂಡ್ ಟೈ ಬಿಚ್ಚಿ ಹಿಂದಕ್ಕೆಸೆದ. ಆಮೇಲೆ ಹೇಳಿದ: "ಶೆಡ್ಡನ್ನ ಎಲೆಕೋಸಿನ ಕಂಪನಿಯವ್ರು ಕೇಳ್ತಿದಾರೆ, ನೊರೀನ್. ಕೊಟ್ಬಿಡೋಣ ಅಂತಿದೀನಿ. ಅಚ್ಚುಗಳ್ನ ಒಡೆದು ಗುಂಡಿಗೆ ಹಾಕೋದೇ."

ನೊರೀನ್ ಹೊರಗೆ ನೋಡುತ್ತಿದ್ದಳು. ಹೊಲಗಳ ಮೇಲೆ ಮಳೆ ತೆರೆತೆರೆಯಾಗಿ ಸರಿಯುತ್ತಿತ್ತು. ಸಮುದ್ರ ವಾಪಸು ಬಂತೇನೋ ಎಂದು ಅವಳಿಗೆ ಅನ್ನಿಸಿತು.

ಆ ಶರತ್ಕಾಲದಲ್ಲಿ ಪಕ್ಕದ ಊರಾದ ಹೋಲ್‌ಬೀಚಿನಿಂದ ಎನಿಡ್ ಎಂಬ ಮುದುಕಿಯ ಫೋನು ಬಂತು. ಗಂಡ ತೀರಿಕೊಂಡಿದ್ದಾನೆ, ಅವನ ಲಾರ್ಕ್ ಗರಾಜಿನಲ್ಲಿದೆ, ದಯವಿಟ್ಟು ಒಯ್ಯಿರಿ ಎಂದಳು. ಇಬ್ಬರೂ ಹೋದರು. ಕ್ರಿಸ್‌ಮಸ್ ಗಿಡದ ಡಬ್ಬಿ, ಮಡಚಿಟ್ಟ ಡೇರೆ, ಹಳೆಯ ರಗ್ಗುಗಳ ಅಡಿಯಿಂದ ಹಳದಿ ಮೈಯೊಂದು ಎದ್ದು ಬಂತು. ನೊರೀನ್ ಅದರ ಒಳಬದಿಗೆ ಕೈ ಆಡಿಸಿದಳು. ಇದು ತನ್ನದೇ ಕೈಕೆಲಸ. ಯಾವ ಕಾಲದಲ್ಲೋ ಇದನ್ನು ಉಜ್ಜುತ್ತ ಅವಳು ಮನಸ್ಸಿನಲ್ಲೇ ವೇಲ್ಸಿನ ಯಾವುದೋ ಕಣಿವೆಗೆ ಕಳುಹಿಸಿಕೊಟ್ಟಿದ್ದಳು. ಅದು ಹೋಲ್‌ಬೀಚನ್ನೇ ದಾಟಿರಲಿಲ್ಲ.

"ಭಾನುವಾರ ಇಲ್ಲಿ ಬಂದು ಕೂತಿರೋರು," ಎಂದಳು ಎನಿಡ್. "ಸ್ಪ್ಯಾನರ್ ಹಿಡಿದಿದ್ದು ನಾನಂತೂ ನೋಡಿಲ್ಲ. ಶುರುವಿಗೆ ಸ್ವಲ್ಪ ಮಾಡಿದ್ರು. ಒಂದು ಕಡೆ ತೊಡಕಾಯ್ತು. ಕೇಳೋಕೆ ಯಾರೂ ಇರ್ಲಿಲ್ಲ ನೋಡು, ಅಲ್ಲಿಗೇ ನಿಂತೋಯ್ತು."

"ನಮ್ಗೆ ಫೋನ್ ಮಾಡ್ಬಹುದಿತ್ತಲ್ಲ," ಎಂದ ರೋಲಂಡ್.

"ನಾಚಿಕೆ. ಗಂಡಸು ಅಲ್ವಾ."

ಹಳದಿ ಮೈಯನ್ನು ಟ್ರೇಲರಿಗೆ ಕಟ್ಟಿಕೊಂಡು ಬರುವಾಗ ಪೆಟ್ರೋಲ್ ಬಂಕಿನಲ್ಲಿ ನಿಂತರು. ಪಕ್ಕದ ತರಕಾರಿ ಪ್ಯಾಕಿಂಗ್ ಕಾರ್ಖಾನೆಯಲ್ಲಿ ಪಾಳಿ ಬಿಟ್ಟಿತ್ತು. ತಲೆಗೆ ನೀಲಿ ಬಲೆಟೊಪ್ಪಿಗೆ ಹಾಕಿಕೊಂಡಿದ್ದ ಹೆಂಗಸೊಬ್ಬಳು ಬಸ್ಸಿನ ಸಾಲು ಬಿಟ್ಟು ಬಂದು ಟ್ರೇಲರಿನ ಸುತ್ತ ಒಂದು ಸುತ್ತು ಹಾಕಿದಳು.

"ಇದ್ಯಾಕೆ ಖಾಲಿ?" ಎಂದು ಕೇಳಿದಳು.

ಕೊಂಡವನು ಗರಾಜಿನಲ್ಲಿ ಒಬ್ಬನೇ ಕೂತು ಅರ್ಧಕ್ಕೆ ಬಿಟ್ಟದ್ದನ್ನು ನೊರೀನ್ ಹೇಳಿದಳು. ಆಕೆ ಗಮನವಿಟ್ಟು ಕೇಳಿದಳು. ಹೆಸರು ಮಿಲ್ಡಾ, ಲಿಥುವೇನಿಯಾದವಳು, ಕೋಸು ತುಂಬುವುದು ಕೆಲಸ. "ನಮ್ಮೂರಲ್ಲಿ ಒಂದು ಕಾರು ಕೆಟ್ರೆ ಇಡೀ ವಠಾರ ಕೆಳಗಿಳೀತಿತ್ತು," ಎಂದಳು. "ಒಬ್ರು ಟಾರ್ಚ್ ಹಿಡಿಯೋದು, ಒಬ್ರು ಬೈಯೋದು, ಒಬ್ರು ಸೂಪ್ ತರೋದು. ನಾನು ಟಾರ್ಚು. ಇಲ್ಲಿ ಎಲ್ರೂ ಬಾಗಿಲು ಹಾಕ್ಕೋತಾರೆ. ನಂಗೆ ಗರಾಜಿಲ್ಲ. ಒಂದು ರೂಮಿದೆ, ಅದ್ರಲ್ಲೂ ಅರ್ಧ ನಂದು."

"ನಮ್ಮ ಶೆಡ್ಡಿದೆ," ಎಂದಳು ನೊರೀನ್.

ರೋಲಂಡ್ ತಿರುಗಿ ನೋಡಿದ. ಅಷ್ಟರಲ್ಲಿ ಮಾತು ಆಗಿಹೋಗಿತ್ತು.

ಶನಿವಾರ ಮಿಲ್ಡಾ ಒಬ್ಬಳೇ ಬರಲಿಲ್ಲ. ಯೊಲಾಂಟಾ ಎಂಬ ಗೆಳತಿ, ಇನ್ನಿಬ್ಬರು ಪಾಳಿಯ ಹೆಂಗಸರು. ನಾಲ್ವರೂ ಸೇರಿ ಆ ಹಳದಿ ಲಾರ್ಕನ್ನು ಕೊಳ್ಳುತ್ತಾರಂತೆ.

"ನಾಲ್ಕು ಜನಕ್ಕೆ ಒಂದಾ?" ರೋಲಂಡ್ ಹುಬ್ಬೇರಿಸಿದ. "ಇರೋದೇ ಎರಡು ಸೀಟು, ಬಾತು. ಇದು ಬಸ್ಸಲ್ಲ."

"ಪಾಳಿ ಬೇರೆ ಬೇರೆ," ಎಂದಳು ಮಿಲ್ಡಾ. "ಇಬ್ರು ಮಲಗಿದಾಗ ಇಬ್ರು ಓಡಿಸ್ತೀವಿ. ಕಾರಿಗೆ ನಿದ್ದೆ ಬೇಡ." ಆಮೇಲೆ ನೊರೀನಳ ಕಿವಿಯ ಹತ್ತಿರ ಬಂದು, "ನನ್ನ ಬಾತು ಅಂತ ಯಾಕಂದ? ನಾನು ದಪ್ಪ ಇದೀನಾ?" ಎಂದಳು.

"ಈ ಕಡೆ ಪ್ರೀತಿ ಬಂದ್ರೆ ಹಾಗೇ ಕರೆಯೋದು. ರಾಜರ ಮನೆಯೋರು ಬಂದ್ರೂ ಅವನು ಬಾತು ಅಂತಾನೇ ಅನ್ನೋದು."

ಬಿಚ್ಚಲು ಹಳೆಯ ಕಾರಿಗಾಗಿ ಊರೂರು ಹುಡುಕಿ, ಯೊಲಾಂಟಾ ಗುಜರಿಯಿಂದ ತಂದದ್ದು ಹಿಂಭಾಗ ನುಜ್ಜುಗುಜ್ಜಾದ ಬ್ಯಾಟರಿ ಕಾರು. ಅದನ್ನು ನೋಡಿದ ರೋಲಂಡ್ ಶೆಡ್ಡಿನಿಂದ ಹೊರಗೆ ಹೋಗಿ ಗೋಡೆಗೆ ಮುಖಮಾಡಿ ನಿಂತ. "ಸದ್ದೇ ಮಾಡದ ಲಾರ್ಕು! ಹಾಡದ ಹಕ್ಕಿ ಯಾರಿಗೆ ಬೇಕು? ನಾನು ಸತ್ತ ಮೇಲೆ ಮಾಡ್ಕೊಳ್ಳಿ," ಎಂದ. ಎರಡು ಶನಿವಾರ ಬರಲೂ ಇಲ್ಲ. ಮೂರನೆಯದಕ್ಕೆ, ಮರೆತ ಥರ್ಮಾಸ್ ಒಯ್ಯಲು ಬಂದವನು, ಹೆಂಗಸರು ಮೋಟರನ್ನು ತಪ್ಪು ಮಗ್ಗುಲಿಗೆ ಕೂರಿಸುತ್ತಿರುವುದು ಕಂಡು ತಡೆಯಲಾರದೆ ಕೋಟು ಕಳಚಿದ.

ಚಳಿಗಾಲ ಕಳೆಯಿತು, ಇನ್ನೊಂದು ಬಂತು. ಶೆಡ್ಡಿನ ಒಲೆಯ ಮೇಲೆ ಬೀಟ್ರೂಟ್ ಸೂಪು ಕುದಿಯುತ್ತಿತ್ತು. ನೊರೀನ್ ಒಣದ್ರಾಕ್ಷಿ ಹಾಕಿದ ಪ್ಲಮ್ ಬ್ರೆಡ್ಡು ತರುತ್ತಿದ್ದಳು. ಮೇಲೆ ಚೀಸಿನ ಹೋಳಿಟ್ಟು ತಿನ್ನುವುದನ್ನು ಕಂಡು ಯೊಲಾಂಟಾ ಮೊದಲು ಮೂಗು ಮುರಿದಳು, ಆಮೇಲೆ ಅದಿಲ್ಲದೆ ಕೆಲಸಕ್ಕೆ ಕೈ ಹಚ್ಚದಾದಳು. ಬೋಲ್ಟು ಜಾರಿ ಬಿದ್ದರೆ ಎರಡು ಭಾಷೆಗಳಲ್ಲಿ ಬೈಗುಳ ಕೇಳಿಬರುತ್ತಿತ್ತು. ತೊಡಕಾದ ಕಡೆ ಕೇಳಲು ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಒಮ್ಮೆ ಎನಿಡ್ ಕೂಡ ಬಂದಳು, ಗಂಡನ ಸ್ಪ್ಯಾನರುಗಳ ಗಂಟು ಹೊತ್ತುಕೊಂಡು. ಒಂದು ಮೂಲೆಯ ಕುರ್ಚಿಯಲ್ಲಿ ಕೂತು, ಹೋಗುವಾಗ ಮುಂದಿನ ವಾರ ಎಷ್ಟು ಹೊತ್ತಿಗೆ ಎಂದು ಕೇಳಿದಳು.

ನೊರೀನ್ ಆ ಸದ್ದುಗದ್ದಲದ ನಡುವೆ ರೋಲರು ಹಿಡಿದು ನಿಂತು ನೋಡುತ್ತಿದ್ದಳು. ಇಷ್ಟು ವರ್ಷ ತಾನು ಮೈಗಳನ್ನು ಒಂದೊಂದಾಗಿ ಕತ್ತಲೆ ಗರಾಜುಗಳಿಗೆ ಕಳಿಸಿಕೊಟ್ಟೆನಲ್ಲ ಎಂದು ಅನ್ನಿಸುತ್ತಿತ್ತು. ದೇಶದ ತುಂಬ ಮುಚ್ಚಿದ ಬಾಗಿಲುಗಳ ಹಿಂದೆ, ರಗ್ಗು ಹೊದ್ದು, ಕೆಂಪು ನೀಲಿ ಹಳದಿ ಲಾರ್ಕುಗಳು ಮೊಟ್ಟೆಯೊಳಗಿನ ಮರಿಗಳಂತೆ ಮಲಗಿರುವುದು ಕಣ್ಣಿಗೆ ಕಟ್ಟುತ್ತಿತ್ತು. ಒಂದು ಸಂಜೆ ಅದನ್ನು ರೋಲಂಡನಿಗೆ ಹೇಳಿದಳು.

"ನೀವು ಕಾರು ಮಾರಿದ್ರಿ. ಕೊಂಡೋರಿಗೆ ಬೇಕಾಗಿದ್ದು ಶನಿವಾರ, ರೋಲಂಡ್."

"ಶನಿವಾರನ ಹೆಂಗೇ ಮಾರೋದು, ಮಾರಾಯ್ತಿ?"

"ಮಾರ್ತಾ ಇದೀರಲ್ಲ."

ರಸ್ತೆಗಿಳಿಯುವ ಮೊದಲಿನ ಸರ್ಕಾರಿ ತಪಾಸಣೆಯಲ್ಲಿ ಹಳದಿ ಲಾರ್ಕ್ ಮೊದಲ ಸಲ ಸೋತಿತು. ದೀಪ ತಗ್ಗಾಗಿದೆ, ಬಾಗಿಲ ಅಂಚು ಕೈ ಕೊಯ್ಯುತ್ತದೆ ಎಂದರು. ಹೌದು, ಕೊಯ್ಯುತ್ತಿತ್ತು. ನೊರೀನ್ ಆ ಅಂಚನ್ನು ತಾನೇ ಉಜ್ಜಿ ದುಂಡಗೆ ಮಾಡಿದಳು. ಎರಡನೆಯ ಸಲ ಗೆದ್ದಿತು.

ಹೊರಟ ದಿನ ಬೆಳಗಿನ ಮಂಜು ಇನ್ನೂ ನೆಲ ಬಿಟ್ಟಿರಲಿಲ್ಲ. ಮಿಲ್ಡಾ ಸ್ಟಿಯರಿಂಗಿಗೆ ಕೂತಳು. ಪಕ್ಕದ ಸೀಟು ಯಾರಿಗೆಂದು ಯಾರೂ ಕೇಳಲಿಲ್ಲ. ನೊರೀನ್ ತಲೆಗೆ ಸ್ಕಾರ್ಫು ಕಟ್ಟಿಕೊಂಡು ಕೂತಳು. ಕಾರು ಚಲಿಸಿದ್ದೇ ಗೊತ್ತಾಗಲಿಲ್ಲ. ಶೆಡ್ಡು ಹಿಂದೆ ಸರಿಯಿತು, ಅಷ್ಟೇ. ಕಾಲುವೆಯ ಏರಿಯ ಮೇಲಿನ ರಸ್ತೆಗೆ ಬಂದಾಗ ಎರಡೂ ಕಡೆ ಬೆಳ್ಳಗೆ ಹಾಲು ಚೆಲ್ಲಿದಂತೆ ಮಂಜು, ಅದರ ಮೇಲೆ ಅಲ್ಲೊಂದು ಇಲ್ಲೊಂದು ಮರದ ತುದಿ, ದೂರದಲ್ಲಿ ಚರ್ಚಿನ ಗೋಪುರ. ಟಯರುಗಳ ಮೆಲ್ಲನೆಯ ಸರಸರ ಬಿಟ್ಟರೆ ಬೇರೇನೂ ಇಲ್ಲ. ನೊರೀನ್ ಕತ್ತು ಹಿಂದಕ್ಕೆ ಚೆಲ್ಲಿ ಮೇಲೆ ನೋಡಿದಳು. ಬಾತುಗಳ ಸಾಲೊಂದು ಹೋಗುತ್ತಿತ್ತು, ರೆಕ್ಕೆ ಬಡಿಯುವ ಸದ್ದು ಒಂದೊಂದೇ ಬಿಡಿಸಿ ಕೇಳುವಷ್ಟು ಹತ್ತಿರ.

"ವೇಗ ಹೆಚ್ಚಾಯ್ತಾ?" ಎಂದಳು ಮಿಲ್ಡಾ.

"ಗೊತ್ತಿಲ್ಲ ಬಾತು. ನಾನು ಇಲ್ಲಿಲ್ಲ," ಎಂದಳು ನೊರೀನ್. ಅವಳ ಕಣ್ಣಿನಿಂದ ನೀರು ಕಿವಿಯ ಕಡೆಗೆ ಹರಿಯುತ್ತಿತ್ತು. ಗಾಳಿಗೆ ಎಂದು ಆಮೇಲೆ ಹೇಳಿದಳು.

ಮರಳಿದ ಮೇಲೆ ರೋಲಂಡನ ಸರದಿ. ಸ್ಟಿಯರಿಂಗು ಹಿಡಿದು ಅಂಗಳದಲ್ಲಿ ಒಂದು ಸುತ್ತು ಹಾಕಿದ. ತಿರುವಿನಲ್ಲಿ ಅವನ ತುಟಿ ಅಲ್ಲಾಡುತ್ತಿತ್ತು. ಹತ್ತಿರ ಬಂದಾಗ ಎಲ್ಲರಿಗೂ ಕೇಳಿಸಿತು. ಮುದುಕ ಬಾಯಲ್ಲೇ ಎಂಜಿನ್ ಸದ್ದು ಮಾಡುತ್ತಿದ್ದ, ಗೇರು ಬದಲಿಸುವ ಕಡೆ ದನಿ ತಗ್ಗಿಸಿ ಮತ್ತೆ ಏರಿಸುತ್ತ. ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ನಕ್ಕರು, ಅವನೂ ನಕ್ಕ.

ಎಲೆಕೋಸಿನ ಕಂಪನಿಗೆ ಶೆಡ್ಡು ಹೋಗಲಿಲ್ಲ. ಹಳದಿ ಲಾರ್ಕು ಪಾಳಿ ಬಿಡುವ ಹೊತ್ತಿಗೆ ಕಾರ್ಖಾನೆಯ ಗೇಟಿನಲ್ಲಿ ನಿಂತದ್ದು ನೋಡಿಯೇ ಕೆಲವರು ಕೇಳಿಕೊಂಡು ಬಂದರು. ಆಸ್ಪತ್ರೆಯ ಮೂವರು ನರ್ಸುಗಳು, ಹತ್ತಿರದ ಬಾಸ್ಟನ್ ಪಟ್ಟಣದ ಒಬ್ಬ ಗ್ರಂಥಪಾಲಕಿ ಮತ್ತು ಅವಳ ಅಣ್ಣ. ಬಿಳಿತಲೆಗಳೂ ತಮ್ಮ ಗರಾಜುಗಳಿಂದ ಅರ್ಧಕ್ಕೆ ನಿಂತದ್ದನ್ನು ಟ್ರೇಲರಿಗೆ ಕಟ್ಟಿ ತಂದರು. ಅದೇನು ದೊಡ್ಡ ಜಾತ್ರೆಯಲ್ಲ. ಮುಂದೆ ಈ ಕಸುಬು ಉಳಿಯುತ್ತದೋ ಇಲ್ಲವೋ, ಅಲ್ಲಿ ಯಾರೂ ಎದೆ ತಟ್ಟಿ ಹೇಳುವುದಿಲ್ಲ. ಶನಿವಾರಗಳು ತುಂಬಿವೆ, ಅಷ್ಟು ನಿಜ.

ನೊರೀನಳ ಉಸಿರು ಈಗ ಮೊದಲಿನಂತಿಲ್ಲ. ಡಾಕ್ಟರು ರೆಸಿನ್ ಹತ್ತಿರ ಸುಳಿಯಬೇಡ ಎಂದಿದ್ದಾರೆ. ಕಾರ್ಖಾನೆ ಬಿಟ್ಟು ಬಂದ ಯೊಲಾಂಟಾ ಮೂಗಿಗೆ ಮಾಸ್ಕು ಕಟ್ಟಿ ಚಾಪೆ ಹಾಸುತ್ತಾಳೆ. ನೊರೀನ್ ತೆರೆದ ಬಾಗಿಲಾಚೆ ಕುರ್ಚಿ ಹಾಕಿಕೊಂಡು, "ಅಲ್ಲಿ ಗುಳ್ಳೆ ಇದೆ ನೋಡು. ಅವಸರ ಮಾಡ್ಬೇಡ. ಎಲ್ಲಿಗಾದ್ರೂ ಹೋಗ್ತಾ ಉಜ್ಜು," ಎನ್ನುತ್ತಾಳೆ.

"ಎಲ್ಲಿಗೆ ಹೋಗ್ಲಿ?"

"ಅದು ನಿಂಗೆ ಬಿಟ್ಟಿದ್ದು."

ಕಳೆದ ಮಾರ್ಚಿನಲ್ಲಿ ಯೊಲಾಂಟಾ ಒಬ್ಬಳೇ ಮಾಡಿದ ಮೊದಲ ಮೈ ಅಚ್ಚಿನಿಂದ ಎದ್ದಿತು. ಅಂಚಿಗೆ ಬೆಣೆ ಕೊಟ್ಟು ಸುತ್ತಲೂ ತಟ್ಟುತ್ತ ಬಂದಂತೆ ಒಂದು ನಿಟ್ಟುಸಿರು ಬಿಟ್ಟು ಕಳಚಿಕೊಂಡಿತು. ಬಣ್ಣ ಬೆಳಗಿನ ಹುಲ್ಲಿನ ಹಸಿರು. ಬೆಳಕಿನಲ್ಲಿ ನೋಡೋಣವೆಂದು ಅಂಗಳಕ್ಕೆ ಎತ್ತಿ ತಂದರು. ಅಷ್ಟರಲ್ಲಿ ಸಮುದ್ರದ ಕಡೆಯಿಂದ ಬಂದ ಗಾಳಿ ಅದರ ಹೊಟ್ಟೆಯೊಳಗೆ ನುಗ್ಗಿತು. ಎಂಜಿನ್ನಿಲ್ಲದ, ಚಕ್ರವಿಲ್ಲದ ಆ ಹಗುರ ಮೈ ಕೈಗಳಿಂದ ಮೇಲೇಳತೊಡಗಿತು. ಮಿಲ್ಡಾ ಒಂದು ಮೂಲೆ ಹಿಡಿದಳು, ರೋಲಂಡ್ ಇನ್ನೊಂದು, ನರ್ಸುಗಳು ಓಡಿಬಂದರು. ನೊರೀನ್ ಕುರ್ಚಿ ಬಿಟ್ಟೆದ್ದು ಬಂದು ಮೂತಿಯ ಮೇಲೆ ಅಂಗೈ ಇಟ್ಟಳು, ಹಿಡಿಯಲೆಂದಲ್ಲ, ಅದು ಎಷ್ಟು ಜೋರಾಗಿ ಎಳೆಯುತ್ತಿದೆ ಎಂದು ತಿಳಿಯಲು. ಗಾಳಿ ತಗ್ಗುವ ತನಕ ಎಲ್ಲರೂ ಹಾಗೇ ನಿಂತಿದ್ದರು.