ಜಾಲರಿ ಬಿಚ್ಚಿದ ಪ್ರೆಸ್ಸು

ಮನೆಯಲ್ಲಿ ಅವಳಿಗಿಟ್ಟ ಅಡ್ಡಹೆಸರು ಸಿಡಿಮಿಡಿ. ಕೋಪ ಸದಾ ಮೂಗಿನ ತುದಿಯಲ್ಲೇ. ಮೆಕ್ಯಾನಿಕಲ್ ಪ್ರೊಡಕ್ಷನ್ ಡಿಪ್ಲೊಮಾ ಓದುತ್ತೇನೆ ಎಂದಾಗ ದರ್ಜಿ ಕೆಲಸದ ಅಪ್ಪ, ಮಷಿನ್ನುಗಳ ಜೊತೆ ಜಗಳವಾಡಿಕೊಂಡಿರಲಿ, ಮನೆಗಾದರೂ ನೆಮ್ಮದಿ ಎಂದು ನಕ್ಕು ಒಪ್ಪಿದ್ದ.

ಮಷಿನ್ನುಗಳು ಅವಳ ಕೈಗೆ ಬೇಗ ಒಗ್ಗಿದವು. ಬೆಂಚಿನಲ್ಲಿ ಅವಳ ಜೊತೆಗಾರನನ್ನು ಎಲ್ಲರೂ ಏಣಿ ಎನ್ನುತ್ತಿದ್ದರು. ಉದ್ದಕ್ಕೆ ಬೆಳೆದ, ಯಾರ ತಂಟೆಗೂ ಹೋಗದ ಹುಡುಗ. ಅವಳು ಅರ ಉಜ್ಜುತ್ತ ಲೋಕವನ್ನೆಲ್ಲ ಬೈಯುವುದು, ಅವನು ಹೂಂಗುಟ್ಟುವುದು, ಹೀಗೇ ಮೊದಲೆರಡು ವರ್ಷ ಕಳೆದವು.

ಕೊನೆಯ ವರ್ಷ ವರ್ಕ್‌ಶಾಪ್ ಮೇಷ್ಟ್ರು ಹೊರಗಿನ ಕಾರ್ಖಾನೆಯೊಂದಕ್ಕೆ ವಾಷರ್ ಮಾಡಿಕೊಡುವ ಕೆಲಸ ಹಿಡಿದು ತಂದರು. ಅಭ್ಯಾಸವಾಗುತ್ತದೆ ಎಂದು ವಿದ್ಯಾರ್ಥಿಗಳ ಕೈಯಲ್ಲೇ ತಗಡು ಕತ್ತರಿಸುವ ಪ್ರೆಸ್ಸು ಓಡಿಸಿದರು. ಬೆರಳು ಒಳಗೆ ಹೋಗದಂತೆ ಅದರ ಮುಂದೊಂದು ಕಬ್ಬಿಣದ ಜಾಲರಿ ಇತ್ತು. ಅದಿದ್ದರೆ ಕೆಲಸ ನಿಧಾನ ಎಂದು ಬಿಚ್ಚಿಸಿ ಬೀರುವಿನ ಹಿಂದಕ್ಕೆ ತಳ್ಳಿಸಿದರು. ಜಾಲರಿ ಇಲ್ಲದೆ ಓಡಿಸಬಾರದೆಂದು ಪುಸ್ತಕದಲ್ಲಿದೆಯಲ್ಲ ಎಂದು ಅವಳು ಕೇಳಿದರೆ, ಪುಸ್ತಕ ಇರುವುದು ಪರೀಕ್ಷೆಗೆ ಎಂದು ಬಾಯಿ ಮುಚ್ಚಿಸಿದರು.

ಒಂದು ಮಧ್ಯಾಹ್ನ ಏಣಿಯ ಬಲಗೈಯ ಎರಡು ಬೆರಳು ಪ್ರೆಸ್ಸಿನಡಿ ಸಿಕ್ಕಿ ತುಂಡಾದವು. ಅವನು ಕೈಯನ್ನೇ ನೋಡುತ್ತ ನಿಂತುಬಿಟ್ಟ. ತನ್ನ ಏಪ್ರನ್ ಬಿಚ್ಚಿ ಸುತ್ತಿ ಆಸ್ಪತ್ರೆಗೆ ಕರೆದೊಯ್ದವಳು ಅವಳು.

ಅವಳು ಮರಳುವಷ್ಟರಲ್ಲಿ ಇಲ್ಲಿ ಕಥೆ ಕಟ್ಟಿಯಾಗಿತ್ತು: ಹುಡುಗ ಮೊಬೈಲ್ ನೋಡುತ್ತಿದ್ದ. ಕೆಲವು ದಿನಗಳ ಮೇಲೆ ಪ್ರಿನ್ಸಿಪಾಲರ ಕೋಣೆಯಲ್ಲಿ ವಿಚಾರಣೆ ನಡೆದಾಗ, ಮೇಷ್ಟ್ರು ಹೇಳಿಕೊಟ್ಟ ಮಾತನ್ನೇ ಇಡೀ ತರಗತಿ ತಲೆತಗ್ಗಿಸಿ ಒಪ್ಪಿಸಿತು. ಅವಳ ಮೈಯೆಲ್ಲ ಉರಿಯುತ್ತಿತ್ತು. ಮೊಬೈಲು ಅವನ ಚೀಲದಲ್ಲಿತ್ತು, ಜಾಲರಿ ಬೀರುವಿನ ಹಿಂದಿತ್ತು ಎಂದಳು. ಪ್ರಿನ್ಸಿಪಾಲರು ಕನ್ನಡಕ ಒರೆಸಿಕೊಳ್ಳುತ್ತ, ತಪ್ಪು ತನ್ನದೇ ಅಂತ ಅವನೇ ಒಪ್ಪಿಕೊಂಡಿದ್ದಾನಮ್ಮ ಎಂದರು.

ನೆಟ್ಟಗೆ ಅವನ ಮನೆಗೆ ಹೋದಳು. ತಪ್ಪು ಒಪ್ಪಿಕೊಂಡರೆ ಪಾಸು ಮಾಡಿಸಿ, ಸಂಸ್ಥೆಯ ಸ್ಟೋರಿನಲ್ಲೇ ಕೆಲಸ ಕೊಡುತ್ತೇವೆ ಎಂದು ಪ್ರಿನ್ಸಿಪಾಲರೂ ಮೇಷ್ಟ್ರೂ ಹೇಳಿದ್ದರಂತೆ. ಅವನ ಅಮ್ಮ ನೀರು ತಂದಿಟ್ಟು, ಇದನ್ನು ಇಲ್ಲಿಗೇ ಬಿಡಮ್ಮ ಎಂದು ಅಂಗಲಾಚಿದಳು.

"ನಾಚಿಕೆ ಆಗಲ್ವೇನೋ ನಿಂಗೆ?" ಎಂದು ಅವಳು ಏಣಿಯತ್ತ ತಿರುಗಿದಳು.

"ಹೋಗಿದ್ದು ನನ್ನ ಬೆರಳು ಕಣೆ," ಎಂದ ಏಣಿ. "ಈ ಕೈ ನೋಡಿ ಬೇರೆ ಯಾರು ಕೆಲಸ ಕೊಡ್ತಾರೆ? ನೀನು ಕೊಡಿಸ್ತೀಯಾ?"

ಅವಳು ನೀರಿನ ಲೋಟ ಮುಟ್ಟದೆ ಹೊರಟು ಬಂದಳು. ದಾರಿಯುದ್ದಕ್ಕೂ ಕೋಪ ಏರುತ್ತಲೇ ಇತ್ತು. ಮನೆಯಲ್ಲಿ ಅಪ್ಪನೂ, ಅವನಿಗೇ ಇಲ್ಲದ ಉರಿ ನಿನಗ್ಯಾಕೆ ಎಂದಾಗ ತಟ್ಟೆ ತಳ್ಳಿ ಎದ್ದಳು.

ಮರುದಿನ ಎಲ್ಲರಿಗಿಂತ ಮೊದಲು ವರ್ಕ್‌ಶಾಪಿಗೆ ಹೋಗಿ, ಬೀರುವಿನ ಹಿಂದಿನಿಂದ ಜಾಲರಿ ಎಳೆದು ಪ್ರೆಸ್ಸಿಗೆ ಬಿಗಿದಳು. ಮೇಷ್ಟ್ರು ಬಂದವರೇ ಬಿಚ್ಚು ಎಂದರು. ತರಗತಿ ಸುತ್ತ ನಿಂತಿತ್ತು. ಅವಳು ಸ್ಪ್ಯಾನರನ್ನು ಅವರತ್ತ ಚಾಚಿದಳು.

"ನೀವೇ ಬಿಚ್ಚಿ ಸಾರ್. ಎಲ್ಲರೂ ನೋಡ್ತಿದ್ದಾರೆ."

ಅವರು ಮುಟ್ಟಲಿಲ್ಲ. ಜಾಲರಿ ಅಲ್ಲೇ ಉಳಿಯಿತು, ಕೆಲಸ ತಡವಾಗಿ ಕಾರ್ಖಾನೆಯವರು ಬೇರೆ ಕಡೆ ಹೋದರು. ಆ ಸಲದ ಪ್ರಾಕ್ಟಿಕಲ್‌ನಲ್ಲಿ ಅವಳು ಫೇಲಾದಳು. ಅಂಕ ಹಾಕಿದ್ದು ಯಾರೆಂದು ಕೇಳಬೇಕಾಗಿರಲಿಲ್ಲ. ಹಲ್ಲು ಕಚ್ಚಿ ಮತ್ತೆ ಪರೀಕ್ಷೆಗೆ ಕಟ್ಟಿದಳು, ಹೊರಗಿನ ಪರೀಕ್ಷಕರ ಮುಂದೆ ಪಾಸಾದಳು. ಪಂಪು ತಯಾರಿಸುವ ಕಡೆ ಕೆಲಸವೂ ಸಿಕ್ಕಿತು.

ಸಂಸ್ಥೆ ಬಿಡುವ ದಿನ ಸಲಕರಣೆಗಳನ್ನು ಸ್ಟೋರಿಗೆ ಒಪ್ಪಿಸಬೇಕಿತ್ತು. ಕೌಂಟರಿನ ಆಚೆ ಏಣಿ ಕೂತಿದ್ದ. ಎಡಗೈಯಲ್ಲಿ ಒಂದೊಂದನ್ನೇ ಎತ್ತಿ ನೋಡಿ, ಎಡಗೈಯಲ್ಲೇ ತಡವರಿಸುತ್ತ ಸಹಿ ಹಾಕಿದ.

"ಇನ್ನೂ ಕೋಪನಾ?" ಎಂದ.

"ಹೂಂ."

"ನನ್ನ ಮೇಲೂ?"

"ನಿನ್ನ ಮೇಲೂ," ಎಂದಳು. ಅವನು ತಲೆಯಾಡಿಸಿ ಸಾಲಿನಲ್ಲಿ ಅವಳ ಹಿಂದಿದ್ದವರನ್ನು ಕರೆದ.